ಒಂದು ಜೊತೆ ರಬ್ಬರ್ ಬಟ್ಟಲು

ಆಸ್ಪತ್ರೆಯ ವ್ಯಾನಿನ ಬ್ರೇಕ್ ಸರಿಯಿಲ್ಲವೆಂದು ಅದರ ಡ್ರೈವರ್ ಬಂದು ಹೇಳಿದ್ದು ಒಂದು ಸೋಮವಾರ, ಏಳು ಗಂಟೆಯ ಸೈರನ್ ಆದ ಕೂಡಲೇ. ಯುದ್ಧದ ಕಾಲ. ನಾನಾಗ ಚಿನ್ನದ ಗಣಿಯ ಮೋಟಾರ್ ಶೆಡ್ಡಿನಲ್ಲಿ ಮೇಸ್ತ್ರಿ. ನಮ್ಮ ಆಸ್ಪತ್ರೆಗೆ ಇದ್ದದ್ದು ಅದೊಂದೇ ವ್ಯಾನು. ಗಣಿಯೊಳಗೆ ಬಂಡೆ ಸಿಡಿದು ಏಟು ತಿಂದವರನ್ನು ಶಾಫ್ಟಿನ ಬಾಯಿಂದ ಆಸ್ಪತ್ರೆಗೆ ತರುವುದು, ಇಲ್ಲಿ ಕೈಲಾಗದವರನ್ನು ಬಂಗಾರಪೇಟೆಗೆ ಒಯ್ದು ಬೆಂಗಳೂರಿನ ರೈಲುಗಾಡಿ ಹತ್ತಿಸುವುದು ಅದರ ಕೆಲಸ.

"ಮೇಸ್ತ್ರಿ, ಪೆಡಲು ಕರಗ್ತದೆ," ಎಂದ ಡ್ರೈವರ್. "ತುಳಿದ್ರೆ ಮೊದ್ಲು ನಿಂತ್ಕತದೆ. ಆಮೇಲೆ ಬೆಲ್ಲ ಕರಗ್ದಂಗೆ ಕಾಲ್ ಕೆಳಗೇ ಇಳೀತಾ ಓಯ್ತದೆ."

"ಎರಡು ಸಲ ತುಳಿದರೆ?"

"ಎರಡು ಸಲ ತುಳಿದ್ರೆ ಬತ್ತದೆ. ಆದ್ರೆ ಎಮ್ಮೆ ಅಡ್ಡ ಬಂದಾಗ ಎರಡು ಸಲ ತುಳಿಯಾಗಂಟ ಆ ಎಮ್ಮೆ ನಿಂತ್ಕಬೇಕಲ್ಲಣ್ಣ."

ಅವನು ಬೇತಮಂಗಲದ ಕಡೆಯ ಒಕ್ಕಲು ಮನೆಯವನು. ಇನ್ನೂ ಮೂವತ್ತು ದಾಟಿರಲಿಲ್ಲ. ಕಂಪನಿಯ ಲೈನು ಮನೆಗಳಲ್ಲಿ ಅವನಿಗೊಂದು ಕೋಣೆ ಕೊಟ್ಟಿದ್ದರು. ಅಲ್ಲಿ ತಾಯಿ, ಹೆಂಡತಿ, ಅವನು. ವ್ಯಾನು ಹತ್ತುವ ಮುಂಚೆ ಚಪ್ಪಲಿ ಬಿಚ್ಚಿ ಸೀಟಿನ ಕೆಳಗಿಟ್ಟು ಬರಿಗಾಲಲ್ಲೇ ಓಡಿಸುತ್ತಿದ್ದ. ಗಾಡಿಯ ಕಷ್ಟ ಏನೆಂದು ಅಂಗಾಲಿಗೆ ಮೊದಲು ತಿಳಿಯುತ್ತದೆ ಎನ್ನುವುದು ಅವನ ನಂಬಿಕೆ. ಪೆಡಲಿನ ವಿಷಯದಲ್ಲಿ ಅವನು ಹೇಳಿದ್ದು ಎಂದೂ ತಪ್ಪಾಗಿರಲಿಲ್ಲ.

ಆ ವ್ಯಾನಿಗೆ ಹಳೆಯ ಕಾರುಗಳಂತೆ ಕಂಬಿ ಎಳೆಯುವ ಬ್ರೇಕ್ ಇರಲಿಲ್ಲ. ಎಣ್ಣೆಯ ಬ್ರೇಕ್ ಇತ್ತು. ಪೆಡಲು ತುಳಿದರೆ ಮಾಸ್ಟರ್ ಸಿಲಿಂಡರ್ ಎನ್ನುವ ಕೊಳವೆಯೊಳಗೆ ಪಿಸ್ಟನ್ ಮುಂದಕ್ಕೆ ಸರಿದು, ಎಣ್ಣೆಯನ್ನು ನಾಲ್ಕು ಚಕ್ರಗಳಿಗೂ ಒತ್ತುತ್ತದೆ. ಪಿಸ್ಟನ್ನಿನ ಮುಂದೆ ಸಣ್ಣ ಬಟ್ಟಲಿನಂಥ ರಬ್ಬರ್ ಒಂದು ಕೂತಿರುತ್ತದೆ. ಎಣ್ಣೆ ಹಿಂದಕ್ಕೆ ಜಾರದಂತೆ ತಡೆಯುವುದು ಅದರ ಅಂಚು. ಪಿಸ್ಟನ್ನಿನ ಹಿಂದೆ ಅಂಥದೇ ಇನ್ನೊಂದು, ಎಣ್ಣೆ ಹೊರಗೆ ಸೋರದಿರಲು. ಸಿಲಿಂಡರಿನ ತಲೆಯ ಮೇಲೆ ಎಣ್ಣೆಯ ಡಬ್ಬಿ. ಡಬ್ಬಿಯಿಂದ ಕೊಳವೆಗೆ ಎರಡು ತೂತುಗಳಿವೆ; ಒಂದು ದೊಡ್ಡದು, ಇನ್ನೊಂದು ಸೂಜಿಯ ಮೊನೆಯಷ್ಟು. ಕಾಲು ತೆಗೆದಾಗ ಬಟ್ಟಲಿನ ಅಂಚು ಈ ಸೂಜಿತೂತನ್ನು ದಾಟಿ ಹಿಂದೆ ಸರಿಯಬೇಕು. ಆಗ ಚಕ್ರಗಳ ಕಡೆ ಕಾದು ಹಿಗ್ಗಿದ ಎಣ್ಣೆ ಆ ತೂತಿನಿಂದ ಡಬ್ಬಿಗೆ ವಾಪಸಾಗುತ್ತದೆ. ತೂತು ಮುಚ್ಚಿಹೋದರೆ ಎಣ್ಣೆಗೆ ಹಿಂದಿರುಗುವ ದಾರಿ ಇಲ್ಲ. ಯಾರೂ ತುಳಿಯದಿದ್ದರೂ ಬ್ರೇಕ್ ಹಿಡಿದೇ ಇರುತ್ತದೆ. ಇಷ್ಟನ್ನು ನಾನು ಅಂದೂ ಚೆನ್ನಾಗಿ ಬಲ್ಲವನಾಗಿದ್ದೆ.

ಸಿಲಿಂಡರ್ ಇಳಿಸಿ ಬಿಚ್ಚಿದೆ. ಮುಂದಿನ ಬಟ್ಟಲಿನ ಅಂಚು ಸವೆದು ಹೋಗಿತ್ತು. ಪೆಡಲು ಕರಗಲು ಅದೇ ಕಾರಣ. ಹೊಸ ಬಟ್ಟಲು ಹಾಕಿದರೆ ಅರ್ಧ ದಿನದ ಕೆಲಸ. ಆದರೆ ಸ್ಟೋರಿನಲ್ಲಿ ಬಟ್ಟಲು ಇರಲಿಲ್ಲ. ಗುಮಾಸ್ತರು ಬಟ್ಟಲು ಬೇಕೆಂದು ಮದರಾಸಿಗೆ ಇಂಡೆಂಟು ಬರೆದರು. ರಬ್ಬರೆಲ್ಲ ಯುದ್ಧಕ್ಕೆ, ಪಟಾಲಮ್ಮಿನ ಸಿಪಾಯಿಗಳಿಗೆ ಹೋಗುತ್ತಿದೆ, ಸರದಿ ಬಂದಾಗ ಕಳಿಸುತ್ತೇವೆ ಎಂದು ಉತ್ತರ ಬಂತು. ಹಳೆಯ ಬಟ್ಟಲುಗಳನ್ನೇ ಇದ್ದ ಹಾಗೆ ಮತ್ತೆ ಕೂರಿಸಿ, ಹುಷಾರಾಗಿ ಓಡಿಸು ಎಂದು ಡ್ರೈವರಿಗೆ ಹೇಳಿದೆ.

ಅವನು ಎರಡು ತಿಂಗಳು ಹಾಗೆಯೇ ಓಡಿಸಿದ. ಇಳಿಜಾರಿಗೆ ಮುಂಚೆಯೇ ಗೇರು ಇಳಿಸುತ್ತಿದ್ದ, ಕೈಬ್ರೇಕಿನ ಮೇಲೆ ಒಂದು ಕೈ ಇಟ್ಟುಕೊಂಡೇ ಇರುತ್ತಿದ್ದ. ಪೆಡಲು ತೀರ ಬಿದ್ದುಹೋದ ದಿನಗಳಲ್ಲಿ ಏಟು ತಿಂದವರನ್ನು ಸ್ಟ್ರೆಚರಿನಲ್ಲಿ ನಾಲ್ವರು ಹೊತ್ತು ತರುತ್ತಿದ್ದರು. ಹಿಂದೆ ಹಿಂದೆ ಹೆಂಗಸರು ಓಡಿ ಬರುವುದು ಶೆಡ್ಡಿನ ಬಾಗಿಲಿಂದ ಕಾಣುತ್ತಿತ್ತು. ನಾನು ಬೇರೆ ಕಡೆ ನೋಡುತ್ತಿದ್ದೆ.

ಬ್ರೇಕಿನ ಎಣ್ಣೆಯೂ ಬರುವುದು ನಿಂತಿತ್ತು. ಹರಳೆಣ್ಣೆಗೆ ಆಸ್ಪತ್ರೆಯ ಸ್ಪಿರಿಟ್ ಬೆರೆಸಿ ನಾವೇ ಮಾಡಿಕೊಳ್ಳುತ್ತಿದ್ದೆವು. ಪೇಟೆಯ ಎಣ್ಣೆಯಲ್ಲಿ ಕಲಬೆರಕೆ ಇರುತ್ತಿದ್ದುದರಿಂದ ನಾನು ಕ್ಯಾಸಂಬಳ್ಳಿಯ ಒಬ್ಬ ಮುದುಕಿಯ ಹತ್ತಿರವೇ ಹೋಗುತ್ತಿದ್ದೆ. ಹರಳನ್ನು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಬಳಿದು, ಅದರ ಸದ್ದು ಪೂರ್ತಿ ಅಡಗುವವರೆಗೆ ಮತ್ತೆ ಕಾಯಿಸಿ ಕೊಡುತ್ತಿದ್ದಳು. ಸದ್ದು ಅಡಗಿದರೆ ನೀರು ಹೋಯಿತೆಂದು ಅರ್ಥ. ಬ್ರೇಕಿನೊಳಗೆ ನೀರಿರಬಾರದು.

ಆ ಸಲ ನಾನು ಒಯ್ದ ಡಬ್ಬವನ್ನು ಅವಳು ಮೂಗಿನ ಹತ್ತಿರ ಹಿಡಿದು, ಹಾಗೆಯೇ ಅಂಗಳಕ್ಕೆ ಎಸೆದಳು.

"ಸೀಮೆಎಣ್ಣೆ ಡಬ್ಬ ತಂದವ್ನೆ ನೋಡು! ಏಮಪ್ಪಾ, ನಿಂಗೆ ಮೂಗಿಲ್ವಾ?"

"ಚೆನ್ನಾಗಿ ತೊಳೆದು ತಂದಿದ್ದೀನಿ ಅಜ್ಜಿ. ನಮ್ಮ ಶೆಡ್ಡಿನಲ್ಲಿ ಎಲ್ಲಾನೂ ಸೀಮೆಎಣ್ಣೇಲೇ ತೊಳೆಯೋದು. ಅದಕ್ಕಿಂತ ಶುದ್ಧ ಯಾವುದಿದೆ?"

"ಅಂಗಾದ್ರೆ ನಿನ್ನ ಹೆಂಡ್ರುಗೆ ಏಳು, ಅನ್ನದ ಗಡಿಗೇನೂ ಅದ್ರಾಗೇ ತೊಳೀಲಿ. ನನ್ನ ಎಣ್ಣೆ ಈ ಡಬ್ಬಕ್ಕೆ ಉಯ್ಯಾಕಿಲ್ಲ. ಓಗು, ಗಡಿಗೆ ತಗಂಬಾ."

ಪಕ್ಕದ ಮನೆಯಿಂದ ಮಣ್ಣಿನ ಗಡಿಗೆ ಇಸಿದುಕೊಂಡು ಎಣ್ಣೆ ತಂದೆ. ಮುದುಕಿಯ ಮಡಿ ಎಂದು ದಾರಿಯುದ್ದಕ್ಕೂ ನಗುತ್ತಾ ಬಂದೆ.

ನಮ್ಮ ಶೆಡ್ಡಿನ ಶಿಸ್ತನ್ನು ಕಟ್ಟಿದವನು ನಾನು. ಗೋಡೆಯ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರ ಬಿಳಿ ಬಣ್ಣದಲ್ಲಿ ಬರೆಸಿದ್ದೆ. ಸಂಜೆ ಸೈರನ್ನಿಗೆ ಮುಂಚೆ ಒಂದು ಆಕಾರ ಖಾಲಿ ಕಂಡರೂ ಯಾರೂ ಮನೆಗೆ ಹೋಗುವಂತಿರಲಿಲ್ಲ. ತೆಗೆದ ಹಳೆಯ ಭಾಗಕ್ಕೆ ಚೀಟಿ ಕಟ್ಟಿ ಕಪಾಟಿನಲ್ಲಿ ಇಡಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿತ್ತು: ಹೊಸದಾಗಿ ಹಾಕುವ ಯಾವ ಭಾಗವೂ ಸೀಮೆಎಣ್ಣೆಯ ತಟ್ಟೆಯಲ್ಲಿ ಅರ್ಧ ಗಂಟೆ ನೆನೆಯದೆ ಬೆಂಚಿಗೆ ಬರಕೂಡದು. ಗಣಿಯ ಬಂಡೆಯ ಪುಡಿ ಗಾಳಿಯಲ್ಲೇ ಇರುವ ಊರಲ್ಲಿ ಅದು ಒಳ್ಳೆಯ ನಿಯಮವೇ. ಡ್ರಿಲ್ಲು, ಪಂಪು, ಬೇರಿಂಗು ಎಲ್ಲವೂ ಅದರಿಂದ ಬಾಳಿಕೆ ಬಂದವು. ಎಲ್ಲವೂ ಕಬ್ಬಿಣದವು.

ಕೊನೆಗೆ ಮದರಾಸಿನಿಂದ ಕಟ್ಟು ಬಂತು. ಗುಮಾಸ್ತರು ಪದ್ಧತಿಯಂತೆ ಅದನ್ನು ಬಿಚ್ಚಿ, ಒಳಗಿದ್ದ ಕಾಗದಗಳನ್ನು ಇಂಡೆಂಟಿಗೆ ಗುಂಡುಸೂಜಿಯಿಂದ ಚುಚ್ಚಿ, ಬಟ್ಟಲುಗಳನ್ನು ಮಾತ್ರ ನನಗೆ ಕಳಿಸಿದರು. ಒಂದೇ ಜೊತೆ. ಮುಂದಿನ ಸರದಿ ಯಾವಾಗ ಎಂದು ಹೇಳುವವರಿಲ್ಲ. ಯಾರ ಕೈಗೂ ಕೊಡದೆ ನಾನೇ ಅವನ್ನು ಸೀಮೆಎಣ್ಣೆಯ ತಟ್ಟೆಗೆ ಹಾಕಿದೆ. ಸಿಲಿಂಡರ್ ಉಜ್ಜುವುದರಲ್ಲಿ ತೊಡಗಿ, ಊಟದ ಸೈರನ್ನೂ ಆಗಿ, ಒಂದೂವರೆ ಗಂಟೆ ಅವು ಅಲ್ಲೇ ನೆನೆದವು. ಡಬ್ಬಿಯನ್ನೂ ಸೀಮೆಎಣ್ಣೆ ಹಾಕಿಯೇ ಜಾಲಿಸಿದೆ. ಕೂರಿಸುವಾಗ ಬಟ್ಟಲು ಸ್ವಲ್ಪ ಬಿಗಿಯೆನಿಸಿತು. ಹೊಸ ಮಾಲು ಬಿಗಿಯಾಗಿಯೇ ಇರುತ್ತದೆ ಎಂದುಕೊಂಡೆ.

ಬ್ರೇಕಿನ ಎಣ್ಣೆಯಲ್ಲಿ ಸೇರಿಕೊಂಡ ಗಾಳಿ ತೆಗೆಯುವಾಗ ಡ್ರೈವರ್ ಸೀಟಿನಲ್ಲಿದ್ದ. ನಾನು ಚಕ್ರದ ಹತ್ತಿರ ತಿರುಪು ಸಡಿಲಿಸುತ್ತಿದ್ದೆ.

"ಒತ್ತಿದೆ ಮೇಸ್ತ್ರಿ!"

"ಹಿಡಿದುಕೋ. ಬಿಡಬೇಡ."

"ಬಿಟ್ರೆ ನನ್ನ ಎಸರು ಬದ್ಲಾಯ್ಸು."

ನಾಲ್ಕು ಚಕ್ರವೂ ಮುಗಿದ ಮೇಲೆ ಪೆಡಲು ಕಲ್ಲಿನಂತೆ ನಿಂತಿತು. ಅವನು ಇಳಿದು ಬಂದು, ದೇವರಿಗೆ ಮುಗಿದ ಹಾಗೆ ವ್ಯಾನಿನ ಮಡ್‌ಗಾರ್ಡ್ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಮೇಸ್ತ್ರಿ ಕೈ ಮೇಸ್ತ್ರಿ ಕೈನೇ ಕಣಣ್ಣ. ಇವತ್ತು ನೆಮ್ದಿಯಾಗಿ ಉಣ್ತೀನಿ."

ಮೂರನೆಯ ದಿನ ಅವನು ಬೇರೆ ಮುಖ ಹೊತ್ತು ಬಂದ.

"ಗಾಡಿ ಬಾರ ಆಗದೆ. ಯಾರೋ ಇಂದ್ಕಡೆ ಇಡ್ಕಂಡು ಎಳೀತಾವ್ರೆ ಅನ್ನಂಗದೆ."

ಚಕ್ರ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಹೊಸ ಬಟ್ಟಲು ಹಾಕಿದ್ದರಿಂದ ಪೆಡಲಿನ ಕಡ್ಡಿಗೆ ಸಡಿಲು ಸಾಲದೆಂದು ತೀರ್ಮಾನಿಸಿ ಅರ್ಧ ಅಂಗುಲ ಸಡಿಲು ಕೊಟ್ಟೆ. ಚಕ್ರವನ್ನು ಒಳಗಿಂದ ಒತ್ತಿ ಹಿಡಿಯುವ ಬ್ರೇಕ್ ಶೂಗಳನ್ನು ಒಂದೊಂದು ಹಲ್ಲು ಹಿಂದಕ್ಕೆ ಸರಿಸಿದೆ. ವ್ಯಾನು ಹಗುರಾಯಿತು. ರಿಜಿಸ್ಟರಿನಲ್ಲಿ ಸರಿಯಾಗಿದೆ ಎಂದು ಬರೆದು ಸಹಿ ಹಾಕಿದೆ.

ಆರನೆಯ ದಿನ ಬೆಳಗ್ಗೆ ಬಂಡೆ ಬಿದ್ದು ಒಬ್ಬನ ಕಾಲು ನುಜ್ಜುಗುಜ್ಜಾಗಿತ್ತು. ಬೆಂಗಳೂರಿಗೆ ಕಳಿಸಿದರೆ ಕಾಲು ಉಳಿಸಬಹುದು ಎಂದು ಡಾಕ್ಟರು ಹೇಳಿದರಂತೆ. ವ್ಯಾನು ಬಂಗಾರಪೇಟೆಯ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು, ಹಿಂದಿನ ಚಕ್ರಗಳಿಂದ ಹೊಗೆ ಎದ್ದಿತು, ಏರಿನಲ್ಲಿ ವ್ಯಾನು ಕದಲದೆ ನಿಂತುಬಿಟ್ಟಿತು. ಡ್ರೈವರ್ ಕೆಳಗೆ ನುಸುಳಿ ಚಕ್ರದ ತಿರುಪು ಬಿಚ್ಚಿ ಎಣ್ಣೆ ಚೆಲ್ಲಿಸಿದ. ಹಿಡಿದಿದ್ದು ಬಿಟ್ಟಿತು. ಆಮೇಲೆ ಬ್ರೇಕೇ ಇಲ್ಲದೆ ಮೊದಲನೆಯ ಗೇರಿನಲ್ಲಿ ಸ್ಟೇಷನ್ನು ತಲುಪಿಸಿದ. ಅಷ್ಟರಲ್ಲಿ ಆ ದಿನದ ರೈಲು ಹೋಗಿ ಆಗಿತ್ತು. ಗಾಯಾಳುವನ್ನು ಮರುದಿನದ ಗಾಡಿಗೆ ಹತ್ತಿಸಿದರು. ಕಾಲನ್ನು ಮಂಡಿಯ ಮೇಲೆ ಕತ್ತರಿಸಬೇಕಾಯಿತು. ಒಂದು ದಿನ ತಡವಾದದ್ದೇ ಕಾರಣವೆಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಚಕ್ರದ ಡ್ರಮ್ಮುಗಳನ್ನು ತೆಗೆದಾಗ ಶೂಗಳಿಗೆ ಹೊದಿಸಿದ್ದ ಲೈನಿಂಗ್ ಸುಟ್ಟು ಕರಕಲಾಗಿತ್ತು. ಬ್ರೇಕಿನ ಪೆಡಲಿನ ಮೇಲೆ ಸದಾ ಕಾಲಿಟ್ಟುಕೊಂಡೇ ಓಡಿಸುವ ಡ್ರೈವರುಗಳ ಗಾಡಿಯಲ್ಲಿ ಹೀಗೆಯೇ ಆಗುತ್ತದೆ. ಲಾರಿಗಳಲ್ಲಿ ಅಂಥದ್ದನ್ನು ಹತ್ತಾರು ನೋಡಿದ್ದೆ. ಕಾರಣ ಬರೆದು ಕೊಡು ಎಂದು ಗಣಿಯ ಸೂಪರಿಂಟೆಂಡೆಂಟರು ನನ್ನನ್ನು ಕೇಳಿದರು. ಸಿಲಿಂಡರ್ ನನ್ನ ಕೈಯಾರೆ ಮಾಡಿದ್ದು, ನಿಯಮದ ಒಂದಕ್ಷರವೂ ತಪ್ಪಿಲ್ಲ. ಎರಡು ತಿಂಗಳು ಕೆಟ್ಟ ಬ್ರೇಕಿನಲ್ಲಿ ಓಡಿಸಿ ಅವನಿಗೆ ಪೆಡಲಿನ ಮೇಲೆ ಕಾಲಿಡುವ ಅಭ್ಯಾಸ ಬಿದ್ದಿದೆ ಎಂದು ನನಗೆ ಮನವರಿಕೆಯಾಯಿತು. ಹಾಗೆಯೇ ಬರೆದೆ. ಎರಡೇ ಸಾಲು. ಸಿಲಿಂಡರ್ ಮತ್ತೊಮ್ಮೆ ಬಿಚ್ಚಿ ನೋಡಲಿಲ್ಲ.

ಅವನು ಶೆಡ್ಡಿಗೆ ಬಂದು ನನ್ನ ಎದುರು ನಿಂತ.

"ಅಣ್ಣ, ನಾನು ಕಾಲು ಇಟ್ಟಿರಲಿಲ್ಲ."

"ಗೊತ್ತಾಗದೆ ಇಟ್ಟಿರ್ತೀಯ. ಅಭ್ಯಾಸ ಅಂದರೆ ಹಾಗೇ."

"ಬರಿಗಾಲು ಅಣ್ಣ ನಂದು. ಇಟ್ಟಿದ್ರೆ ಗೊತ್ತಾಯ್ತಿರಲಿಲ್ವಾ?"

"ಲೈನಿಂಗ್ ಸುಳ್ಳು ಹೇಳೋದಿಲ್ಲಪ್ಪ."

ಅವನು ತನ್ನ ಕಾಲನ್ನೇ ನೋಡಿಕೊಂಡ. ಹಲಗೆಯ ಮೇಲೆ ಸಾಲಾಗಿ ತೂಗುತ್ತಿದ್ದ ಸ್ಪ್ಯಾನರುಗಳನ್ನು ನೋಡಿದ. ತಿರುಗಿ ಹೊರಟುಹೋದ. ಅವನನ್ನು ಕೆಲಸದಿಂದ ತೆಗೆದು, ಒಂದು ವಾರದೊಳಗೆ ಲೈನು ಕೋಣೆ ಖಾಲಿ ಮಾಡಬೇಕೆಂದು ಹೇಳಿದರು. ಕೊನೆಯ ದಿನ ಅವನ ತಾಯಿ ತಲೆಯ ಮೇಲೆ ಒನಕೆ, ಕಂಕುಳಲ್ಲಿ ಗಡಿಗೆ ಹೊತ್ತು ಶೆಡ್ಡಿನ ಮುಂದೆಯೇ ಹಾದು ಹೋದಳು. ನನ್ನ ಕಡೆ ತಿರುಗಲಿಲ್ಲ.

ಹೊಸ ಲೈನಿಂಗ್ ಹಾಕಿದೆವು. ಎಣ್ಣೆ ತುಂಬಿದೆವು. ಲಾರಿ ಓಡಿಸುತ್ತಿದ್ದ ಹಿರಿಯನೊಬ್ಬನನ್ನು ವ್ಯಾನಿಗೆ ಹಾಕಿದರು. ಅವನು ಪೆಡಲಿನಿಂದ ಕಾಲು ತೆಗೆದೇ ಓಡಿಸುವವನೆಂದು ಎಲ್ಲರಿಗೂ ಗೊತ್ತು. ಎರಡನೆಯ ದಿನ ಅವನು ಬಂದು ಹೇಳಿದ:

"ಏನ್ ಮೇಸ್ತ್ರಿ, ಗಾಡಿ ಇಂದಕ್ಕೆ ಎಳೀತದಲ್ಲ?"

ಮೊದಲನೆಯವನು ಹೇಳಿದ್ದ ಅದೇ ಮಾತು. ವ್ಯಾನನ್ನು ಒಳಗೆ ತರಿಸಿ, ಡಬ್ಬಿಯ ಮುಚ್ಚಳ ತೆಗೆದು, ಕೂದಲಿನಷ್ಟು ಸಣ್ಣ ಉಕ್ಕಿನ ತಂತಿಯನ್ನು ಸೂಜಿತೂತಿನೊಳಗೆ ಇಳಿಬಿಟ್ಟೆ. ಪೆಡಲಿನ ಮೇಲೆ ಯಾರ ಕಾಲೂ ಇರಲಿಲ್ಲ. ತಂತಿ ಸಲೀಸಾಗಿ ಕೊಳವೆಯ ತಳದವರೆಗೆ ಇಳಿಯಬೇಕಿತ್ತು. ಇಳಿಯಲಿಲ್ಲ. ಮೆತ್ತಗಿನದೇನೋ ತಡೆಯಿತು. ಮೂರು ಸಲ ಇಳಿಬಿಟ್ಟೆ, ಮೂರು ಸಲವೂ ರಬ್ಬರೇ ಸಿಕ್ಕಿತು.

ಸಿಲಿಂಡರ್ ಬಿಚ್ಚಿದೆ. ಪಿಸ್ಟನ್ ತಾನಾಗಿ ಹೊರಗೆ ಬರಲಿಲ್ಲ, ತಳ್ಳಬೇಕಾಯಿತು. ನಿಯಮದಂತೆ ಚೀಟಿ ಕಟ್ಟಿ ಕಪಾಟಿನಲ್ಲಿಟ್ಟಿದ್ದ ಹಳೆಯ ಬಟ್ಟಲನ್ನು ತಂದು ಹೊಸದರ ಪಕ್ಕದಲ್ಲಿಟ್ಟೆ. ಹೊಸದು ಊದಿ, ಅದರ ಅಂಚು ಸೂಜಿತೂತನ್ನು ಮುಚ್ಚಿ ಕೂತಿತ್ತು. ಬೆರಳಲ್ಲಿ ಒತ್ತಿದರೆ ನೆನೆಸಿದ ಅವರೆಬೇಳೆಯಂತೆ ಮೆತ್ತಗೆ. ಮೂಗಿನ ಹತ್ತಿರ ಹಿಡಿದಾಗ ಸೀಮೆಎಣ್ಣೆಯ ವಾಸನೆ ಬಂತು. ಕ್ಯಾಸಂಬಳ್ಳಿಯ ಅಂಗಳಕ್ಕೆ ಎಸೆದ ಡಬ್ಬ ನೆನಪಾಯಿತು.

ಆಫೀಸಿಗೆ ಹೋಗಿ ಇಂಡೆಂಟಿನ ಫೈಲು ಕೇಳಿದೆ. ಗುಮಾಸ್ತರು ತೆಗೆದುಕೊಟ್ಟರು. ಬೆರಳುದ್ದದ ಅಚ್ಚಿನ ಚೀಟಿ ಗುಂಡುಸೂಜಿಯಲ್ಲಿ ನೇತಾಡುತ್ತಿತ್ತು. ರಬ್ಬರ್ ಭಾಗಗಳನ್ನು ಸ್ಪಿರಿಟ್ಟಿನಲ್ಲಿ ಅಥವಾ ಬ್ರೇಕಿನ ಎಣ್ಣೆಯಲ್ಲಿ ಮಾತ್ರ ತೊಳೆಯಬೇಕು, ಸೀಮೆಎಣ್ಣೆ ಪೆಟ್ರೋಲು ತಾಗಿಸಬಾರದು ಎಂದು ಅದರಲ್ಲಿತ್ತು.

"ಇದು ನನಗೆ ಯಾಕೆ ಕಳಿಸಲಿಲ್ಲ?" ಎಂದೆ.

"ನೀವು ಕೇಳ್ಲಿಲ್ಲ," ಎಂದರು ಗುಮಾಸ್ತರು. "ಕಾಗದ ಫೈಲಿಗೆ, ಮಾಲು ಶೆಡ್ಡಿಗೆ. ಆ ಪದ್ಧತಿ ಮಾಡಿದ್ದು ನೀವೇ ಅಲ್ವಾ ಮೇಸ್ತ್ರಿ?"

ಹೌದು, ನಾನೇ. ಗ್ರೀಸಿನ ಕೈಯಲ್ಲಿ ಕಾಗದ ಹಾಳಾಗುತ್ತದೆಂದು ಹಾಗೆ ಮಾಡಿಸಿದ್ದೆ.

ಸುಮ್ಮನಿದ್ದುಬಿಡಬಹುದಿತ್ತು. ಬಟ್ಟಲು ಬಿಸಾಡಿ ಮದರಾಸಿನ ಮಾಲು ಕೆಟ್ಟದ್ದೆಂದು ಬರೆದರೆ ಕೇಳುವವರಿರಲಿಲ್ಲ. ಆ ಎರಡು ಬಟ್ಟಲುಗಳನ್ನು ಬೆಂಚಿನ ಮೇಲೆ ಎದುರಿಗಿಟ್ಟುಕೊಂಡು ಕೂತೆ. ಸಂಜೆಯ ಸೈರನ್ನಿಗೆ ಮುಂಚೆ ಒಂದು ಪುಟ ಬರೆದೆ: ತಪ್ಪು ನನ್ನದು, ತೊಳೆದವನು ನಾನು, ಡ್ರೈವರನ ಕಾಲಿನಲ್ಲಿ ದೋಷವಿಲ್ಲ, ಅವನನ್ನು ವಾಪಸು ಕರೆಸಬೇಕು. ಚೀಟಿಯನ್ನೂ ಊದಿದ ಬಟ್ಟಲನ್ನೂ ಜೊತೆಗಿಟ್ಟು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟೆ.

ಅವರು ನಿಧಾನವಾಗಿ ಓದಿದರು. ಬಟ್ಟಲನ್ನು ಪೆನ್ಸಿಲಿನ ತುದಿಯಿಂದ ಹೊರಳಿಸಿದರು. ಈ ವಿಚಾರಣೆ ಮುಗಿದು ವರದಿ ಮೇಲಕ್ಕೆ ಹೋಗಿದೆ, ಕಾಲು ಕಳೆದುಕೊಂಡವನ ಕಾಗದಗಳಲ್ಲೂ ಡ್ರೈವರನೇ ಕಾರಣವೆಂದು ಸೇರಿದೆ, ಈಗ ಅದನ್ನು ಎಬ್ಬಿಸುವಂತಿಲ್ಲ ಎಂದರು. ಯುದ್ಧದ ಹೊತ್ತಿನಲ್ಲಿ ನಿನ್ನಂಥ ಮೇಸ್ತ್ರಿಯನ್ನು ಕಳೆದುಕೊಳ್ಳಲು ಆಗುವುದಿಲ್ಲ ಎಂದೂ ಹೇಳಿದರು. ಪುಟವನ್ನು ಮಡಚಿ ಡ್ರಾಯರಿನೊಳಗಿಟ್ಟು ಬೀಗ ಹಾಕಿದರು. ಬಟ್ಟಲನ್ನು ನನ್ನ ಕಡೆ ದೂಡಿದರು. ಅಲ್ಲೇ ನಿಂತು ಇನ್ನೊಂದು ಮಾತು ಆಡಬೇಕಿತ್ತು. ಆಡಲಿಲ್ಲ. ಬಟ್ಟಲನ್ನು ಜೇಬಿಗೆ ಹಾಕಿಕೊಂಡು ಹೊರಬಂದೆ.

ವ್ಯಾನಂತೂ ಓಡಲೇಬೇಕಿತ್ತು. ಹಳೆಯ ಬಟ್ಟಲುಗಳನ್ನೇ ಸ್ಪಿರಿಟ್ಟಿನಲ್ಲಿ ಒರೆಸಿ, ಒಂದು ರಾತ್ರಿ ಹರಳೆಣ್ಣೆಯಲ್ಲಿಟ್ಟೆ. ಸವೆದ ಅಂಚಿನ ಒಳಗೆ ತೆಳು ಹಿತ್ತಾಳೆಯ ಬಳೆಯೊಂದನ್ನು ಮಾಡಿ ಕೂರಿಸಿದೆ. ಬಳೆ ಅಂಚನ್ನು ಹೊರಕ್ಕೆ ಒತ್ತಿ ಹಿಡಿಯಿತು. ಪೆಡಲು ನಿಂತಿತು, ತಂತಿ ತಳದವರೆಗೆ ಇಳಿಯಿತು. ಮುಂದಿನ ಬಟ್ಟಲು ಬರುವವರೆಗೂ ವ್ಯಾನು ಹಾಗೆಯೇ ಓಡಿತು. ಆ ಬಳೆಯ ಉಪಾಯ ಮೊದಲ ಸೋಮವಾರವೇ ಹೊಳೆದಿದ್ದರೆ ಮದರಾಸಿನ ಕಟ್ಟೇ ಬೇಕಿರಲಿಲ್ಲ. ಅರ್ಧ ದಿನದ ಕೆಲಸ.

ಮುಂದಿನ ಭಾನುವಾರ ಬಂಗಾರಪೇಟೆಗೆ ಹೋದೆ. ಅವನು ಸ್ಟೇಷನ್ನಿನ ಮುಂದೆ ಜಟಕಾ ಓಡಿಸುತ್ತಾನೆ, ಕುದುರೆ ಅವನ ಸೋದರಮಾವನದು ಎಂದು ಕೇಳಿದ್ದೆ. ಹುಣಸೆಮರದ ಕೆಳಗೆ ಸಿಕ್ಕಿದ. ನನ್ನನ್ನು ಕಂಡು ಇಳಿದು ಬಂದು ಕೈಮುಗಿದ. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಎಲ್ಲವನ್ನೂ ಹೇಳಿದೆ. ಜೇಬಿನಿಂದ ಬಟ್ಟಲು ತೆಗೆದು ಅವನ ಅಂಗೈ ಮೇಲಿಟ್ಟೆ. ಸೀಮೆಎಣ್ಣೆಯಲ್ಲಿ ನಾನೇ ನೆನೆಸಿದ್ದು, ತೂತು ಮುಚ್ಚಿಹೋಗಿದ್ದು, ಹೊಸ ಡ್ರೈವರನ ಕೈಯಲ್ಲೂ ಹಾಗೇ ಆದದ್ದು. ಅವನು ಬಟ್ಟಲನ್ನು ತಿರುಗಿಸಿ ನೋಡಿದ. ವಾರವೆಲ್ಲ ಜೇಬಿನಲ್ಲಿದ್ದು ಸೀಮೆಎಣ್ಣೆ ಆರಿ, ಅದು ಹೆಚ್ಚುಕಡಿಮೆ ಮೊದಲಿನ ಅಳತೆಗೇ ಬಂದಿತ್ತು.

"ಸೆನ್ನಾಗೇ ಅದಲ್ಲಣ್ಣ ಇದು," ಎಂದ.

"ಆಗ ಊದಿತ್ತು ಕಣಪ್ಪಾ. ನನ್ನ ಮಾತು ನಂಬು."

"ನಂಗೆ ಸಮಾದಾನ ಏಳಾಕೆ ಅಷ್ಟು ದೂರದಿಂದ ಬಂದ್ರಾ?" ಎಂದು ನಕ್ಕ. ಕೊಂಕಿನ ನಗು ಅಲ್ಲ. "ಬ್ಯಾಡಿ ಅಣ್ಣ. ನಾನೂ ಬೋ ಯೋಚ್ನೆ ಮಾಡ್ದೆ. ಮೊದ್ಲು ಸಿಟ್ಟು ಬತ್ತಿತ್ತು. ಆಮೇಲೆ ಅನ್ಕಂಡೆ, ಮೇಸ್ತ್ರಿ ಒಂದು ಸ್ಪ್ಯಾನರ್ ತಪ್ಪಾಗಿ ನೇತಾಕಿದ್ದು ಕಂಡಿಲ್ಲ, ಅಂತೋರು ಬರೆದಿದ್ದು ಸುಳ್ಳಾಯ್ತದಾ? ನಾನೇ ಕಾಲು ಇಟ್ಟಿರ್ತೀನಿ. ಆ ಮನುಸನ ಕಾಲು ಓಗಿದ್ದು ನನ್ನ ಕಾಲಿಂದ್ಲೇ."

"ಇಲ್ಲ. ನಿನ್ನ ಕಾಲು ಸರಿಯಾಗೇ ಇತ್ತು."

"ಅಕ್ಕಿ ಮಿಲ್ನೋರು ಲಾರಿಗೆ ಕರೆದ್ರು. ಅತ್ತಿ ಕೂತ್ಕಂಡೆ. ಎಲ್ಲಿ ಮಡಗ್ಬೇಕೋ ಗೊತ್ತಾಗ್ಲಿಲ್ಲ ಅಣ್ಣ ಕಾಲು. ಇಳ್ದು ಬಂದ್ಬಿಟ್ಟೆ."

ಬೆಂಗಳೂರಿನ ಗಾಡಿ ಕೂಗಿತು. ಸ್ಟೇಷನ್ನಿನ ಬಾಗಿಲಿಂದ ಜನ ಹೊರಬರತೊಡಗಿದರು. ಬಟ್ಟಲನ್ನು ನನ್ನ ಕೈಗೆ ವಾಪಸು ಕೊಟ್ಟು, "ಬತ್ತೀನಿ ಮೇಸ್ತ್ರಿ" ಎಂದು ಜಟಕಾ ಹತ್ತಿದ. ಬೇರೆ ಜಟಕಾದವರೆಲ್ಲ ಮುಂದಿನ ಮೂಕಿಮರದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಅವನು ಎರಡು ಪಾದಗಳನ್ನೂ ಸೀಟಿನ ಮೇಲಕ್ಕೆ ಎಳೆದುಕೊಂಡು, ಮಡಿಚಿ, ಪಂಚೆಯ ಕೆಳಗೆ ಸೇರಿಸಿಕೊಂಡು ಕುದುರೆಯನ್ನು ಹೊರಡಿಸಿದ.